ಮಾಳವ್ವ ದಿನ್ನೆ ಗುಡಿಸಿದ್ದು

ಲೋಕದ ಹಸಿ ಇನ್ನೂ ಆರದ ಕಾಲ. ಬೆಟ್ಟಗಳಿಗೆ ಎಲ್ಲಿ ಕೂರಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಇಲ್ಲಿ ಕಂಡದ್ದು ಸಂಜೆ ಅಲ್ಲಿ ಕಾಣುತ್ತಿತ್ತು. ಮೋಡಗಳು ಕೈಗೆಟಕುವಷ್ಟು ಕೆಳಗಿದ್ದವು. ಹುಲ್ಲು, ಹುಳ, ಹಳ್ಳ ಎಲ್ಲಕ್ಕೂ ಮಾತು ಬರುತ್ತಿತ್ತು, ಮಾತಾಡಲು ಬೇಕಾದಷ್ಟು ಹೊತ್ತೂ ಇತ್ತು.

ಆಗ ಒಂದು ಕೆಂಪು ದಿನ್ನೆಯ ಬುಡದಲ್ಲಿ ಮಾಳವ್ವ ಎಂಬ ಹೆಂಗಸು ಗುಡಿಸಲು ಕಟ್ಟಿಕೊಂಡಿದ್ದಳು. ಅವಳಿಗೆ ಕೆಂಚಿ ಎಂಬ ಹಸುಗೂಸು. ಗುಡಿಸಲ ಮಗ್ಗುಲಲ್ಲೇ ಒಂದು ಹಳ್ಳ ಹರಿಯುತ್ತಿತ್ತು. ಅದರ ನೀರು ಎಷ್ಟು ತಿಳಿ ಎಂದರೆ, ಮೀನುಗಳು ಗಾಳಿಯಲ್ಲೇ ಈಜುತ್ತಿವೆಯೇನೋ ಎನ್ನಿಸುತ್ತಿತ್ತು. ಹಳ್ಳ ದಿನವಿಡೀ ಜುಳುಜುಳು ಹಾಡುತ್ತಿತ್ತು. ಆ ಹಾಡು ಕೇಳದೆ ಕೆಂಚಿ ಕಣ್ಣು ಮುಚ್ಚುತ್ತಿರಲಿಲ್ಲ. ತಾಯಿ ಹಾಡಿದರೆ ಬೆಚ್ಚಿಬಿದ್ದು ಅಳುತ್ತಿತ್ತು. ಮಾಳವ್ವನ ಕಂಠ ಅಂಥದ್ದು.

ಹಾಡು ಬರದಿದ್ದರೇನು, ಮಾಳವ್ವನಿಗೆ ಗುಡಿಸುವುದು ಬರುತ್ತಿತ್ತು. ಬೆಳಗಾಗುತ್ತಲೇ ಅಂಗಳ ಗುಡಿಸಿ, ಸಗಣಿ ಸಾರಿಸಿ, ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಗಾಳಿ ಒಂದು ದಿನ ನಿಂತು ನೋಡಿ, “ಮಾಳವ್ವಾ, ನಿನ್ನ ಅಂಗಳದಂಥ ಅಂಗಳ ಮೂರು ಲೋಕದಾಗ ಇಲ್ಲ” ಎಂದಿತು. ಗಾಳಿ ಎಲ್ಲರಿಗೂ ಹಾಗೆಯೇ ಹೇಳುತ್ತದೆ. ಪಾಪ, ಮಾಳವ್ವನಿಗೆ ಅದು ಗೊತ್ತಿರಲಿಲ್ಲ. ಹೊಗಳಿಕೆ ತಲೆಗೇರಿತು.

ಅಂದಿನಿಂದ ಅಂಗಳ ಮುಗಿದರೂ ಅವಳ ಕಸಬರಿಗೆ ನಿಲ್ಲಲಿಲ್ಲ. ಅಂಗಳದ ಆಚೆ ದಿನ್ನೆ. ದಿನ್ನೆಯ ಮೇಲೆ ಎಷ್ಟೊಂದು ತರಗೆಲೆ, ಎಷ್ಟೊಂದು ಹುಲ್ಲು. ಸೆರಗು ಸಿಕ್ಕಿಸಿಕೊಂಡು ಗುಡಿಸುತ್ತ ಗುಡಿಸುತ್ತ ಏರಿದಳು.

“ನಾವು ಕಸ ಅಲ್ಲ ತಾಯಿ, ದಿನ್ನಿಗೆ ಹೊದಿಕಿ” ಎಂದವು ತರಗೆಲೆಗಳು.

“ಕಸಕ್ಕೂ ಬಾಯಿ ಬಂತೇನು?” ಎಂದು ಮಾಳವ್ವ ಗುಡಿಸಿದಳು.

“ನಮ್ಮ ಬೇರು ಮಣ್ಣಿನ ಕೈ ಹಿಡದಾವ” ಎಂದಿತು ಹುಲ್ಲು. ಮಾಳವ್ವ ಅದನ್ನೂ ಕಿತ್ತಳು.

ಆಗ ಮಣ್ಣಿನೊಳಗಿಂದ ಎರೆಹುಳು ಅಜ್ಜ ಮೆಲ್ಲಗೆ ತಲೆ ಎತ್ತಿದ. “ಮಗಳ, ನೀ ಗುಡಿಸೂದು ನನ್ನ ಮನಿ ಚಪ್ಪರ. ನನ್ನ ಊಟಾನೂ ಅದೇ.”

ಮಾಳವ್ವ ಅವನನ್ನು ಕಸಬರಿಗೆಯ ತುದಿಯಲ್ಲಿ ಚಿಮ್ಮಿಸಿ, ಮುಂದಿನ ಎಲೆಗೆ ಹೋದಳು. ಅಜ್ಜ ತನ್ನ ಬಳಗವನ್ನೆಲ್ಲ ಕರೆದುಕೊಂಡು ದಿನ್ನೆಯ ಆಚೆಗಿನ ಕಾಡಿಗೆ ಹೊರಟುಹೋದ. ಅವರು ನಡೆಯುವ ಚೆಂದಕ್ಕೆ ಆರು ದಿನ ಹಿಡಿಯಿತು.

ಮಾಳವ್ವ ಇಡೀ ದಿನ್ನೆಯನ್ನು ತುಳಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಮೋಡಕ್ಕೂ ಕಾಣುವಷ್ಟು ದೊಡ್ಡ ರಂಗೋಲಿ ಬರೆದಳು. ಮೋಡಕ್ಕೆ ಕಂಡೇಬಿಟ್ಟಿತು. ಹತ್ತಿರದಿಂದ ನೋಡೋಣವೆಂದು ಅದು ಮಳೆಯಾಗಿ ಇಳಿದು ಬಂತು.

ಹನಿಗಳು ದಿನ್ನೆಯ ಮೇಲೆ ಬಿದ್ದು ಒಳಗೆ ಹೋಗಲು ಬಾಗಿಲು ಹುಡುಕಿದವು. ಒಂದೂ ಇರಲಿಲ್ಲ. ನಿಲ್ಲಲು ಎಲೆಯಿಲ್ಲ, ಕೂರಲು ಹುಲ್ಲಿಲ್ಲ. ಎಲ್ಲ ಸೇರಿ ಇಳಿಜಾರಿನಲ್ಲಿ ಓಡಿದವು. ಅವುಗಳ ಜೊತೆ ರಂಗೋಲಿ ಹೋಯಿತು. ರಂಗೋಲಿಯ ಹಿಂದೆ ಮಣ್ಣೂ ಹೊರಟಿತು.

“ಎಲ್ಲಿಗೆ ಹೊಂಟಿ?” ಎಂದು ಮಾಳವ್ವ ಕೂಗಿದಳು.

“ಗೊತ್ತಿಲ್ಲವ್ವ. ನನ್ನ ಕೈ ಹಿಡಕೊಳ್ಳೋರು ಯಾರೂ ಇಲ್ಲ” ಎನ್ನುತ್ತ ಮಣ್ಣು ಹಳ್ಳಕ್ಕೆ ಇಳಿಯಿತು.

ಹಳ್ಳ ಕೆಂಪಾಯಿತು. ಗಂಟಲಲ್ಲಿ ಮಣ್ಣು ತುಂಬಿ ಅದರ ಹಾಡು ನಿಂತಿತು. ಕೆಂಚಿ ಮೂರು ದಿನ ಕಣ್ಣು ಮುಚ್ಚಲಿಲ್ಲ. ಅತ್ತು ಅತ್ತು ಕೂಸಿನ ದನಿ ಸಣ್ಣದಾಯಿತು. ಬಾಯಿಗೆ ನೀರು ಬಿಟ್ಟರೆ ಅದೂ ಕೆಂಪು, ಕುಡಿದದ್ದೆಲ್ಲ ಕಕ್ಕಿಬಿಡುತ್ತಿತ್ತು. ಮಾಳವ್ವನಿಗೆ ಗೊತ್ತಿದ್ದದ್ದು ಒಂದೇ ಕೆಲಸವಾದ್ದರಿಂದ, ಕಸಬರಿಗೆ ಹಿಡಿದು ಹಳ್ಳಕ್ಕೆ ಇಳಿದು, ನೀರಿನ ಕೆಂಪನ್ನೇ ಗುಡಿಸತೊಡಗಿದಳು.

ಹಳ್ಳ ಕೆಮ್ಮಿತು. “ಸಾಕು ಬಿಡವ್ವ. ರಾಡಿ ಹುಟ್ಟಿದ್ದು ನನ್ನೊಳಗಲ್ಲ. ದಿನ್ನಿ ಹ್ಯಾಂಗೋ ನಾನೂ ಹಾಂಗ. ಹೋಗಿ ಎರೆಹುಳು ಅಜ್ಜನ ಕರಕೊಂಡು ಬಾ.”

ಮಾಳವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಕಾಡಿಗೆ ಹೋದಳು. ಅಲ್ಲಿ ಯಾರೂ ಗುಡಿಸಿರಲಿಲ್ಲ. ನೆಲ ಕಾಲಿಗೆ ಮೆತ್ತಗಿತ್ತು. ತರಗೆಲೆಗಳ ಕೆಳಗೆ ಅಜ್ಜ ಮಲಗಿದ್ದ.

“ತಪ್ಪಾತಜ್ಜ. ಕೂಸು ಮಲಗವಲ್ಲದು” ಎಂದು ಕೂಸನ್ನು ಅವನ ಮುಂದೆ ಹಿಡಿದಳು.

ಅಜ್ಜ ಕೂಸಿನ ಕೆಂಪು ಕಣ್ಣು ನೋಡಿದ. ಅವನಿಗೆ ಕಣ್ಣಿಲ್ಲ, ಆದರೂ ನೋಡಿದ. “ಬರ್ತೀನಿ. ನೀ ತಗೊಂಡದ್ದನ್ನ ದಿನ್ನಿಗೆ ತಿರುಗಿ ಕೊಡು.”

“ಕೊಡ್ತೀನಿ. ಆದ್ರ ಗುಡಿಸಾಕ ಕುಂತ್ರ ನನ್ನ ಕೈ ನಿಲ್ಲೂದಿಲ್ಲಜ್ಜ. ಎಲ್ಲಿಗೆ ನಿಲ್ಲಿಸಲಿ?”

“ನಾ ಚುಕ್ಕಿ ಇಡ್ತೀನಿ. ನನ್ನ ಚುಕ್ಕಿ ಕಂಡಲ್ಲಿ ಕಸಬರಿಗಿ ಕೆಳಗಿಡು.”

ತವರಿಗೆ ಬಂದ ಮಗಳಿಗೆ ಉಡಿ ತುಂಬುವ ಹಾಗೆ ಮಾಳವ್ವ ದಿನ್ನೆಗೆ ಉಡಿ ತುಂಬಿದಳು. ಅಕ್ಕಿಯ ಬದಲು ಹುಲ್ಲಿನ ಬೀಜ, ಎಲೆಯಡಿಕೆಯ ಬದಲು ತರಗೆಲೆ. ತನ್ನ ಸೆರಗಿನಲ್ಲಿ ತಂದು ತಂದು ಸುರಿದಳು. ಅವಳ ಹಿಂದೆ ಹುಳುಗಳ ಬಳಗ, ಮತ್ತೆ ಆರು ದಿನ. ಹುಳುಗಳು ಎಲೆ ತಿಂದವು, ಮಣ್ಣು ತಿಂದವು, ಒಳಗೆಲ್ಲ ಓಣಿ ಕೊರೆದವು. ಹುಲ್ಲು ಮೊಳೆತು ಮಣ್ಣಿನ ಕೈ ಹಿಡಿಯಿತು. ಅಷ್ಟು ದಿನವೂ ಮಾಳವ್ವ ಕಾಡಿನ ಒರತೆಯಿಂದ ನೀರು ಹೊತ್ತಳು. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತೂಗಿದಳು. ಕೆಂಚಿ ಒಂದಿಷ್ಟು ತೂಕಡಿಸುತ್ತಿತ್ತು, ಮತ್ತೆ ಏಳುತ್ತಿತ್ತು.

ಮಳೆ ಮತ್ತೆ ಬಂತು. ಮಾಳವ್ವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ಕೂತಳು. ಹನಿಗಳು ಎಲೆಗಳ ಮೇಲೆ ಕೂತು ದಣಿವಾರಿಸಿಕೊಂಡವು. ಆಮೇಲೆ ಹುಳುಗಳು ಕೊರೆದಿಟ್ಟ ಬಾಗಿಲುಗಳಲ್ಲಿ ಒಂದೊಂದಾಗಿ ಒಳಗೆ ಹೋದವು. ಮಣ್ಣಿನ ಕತ್ತಲಲ್ಲಿ ತಂಪಾಗಿ ನಡೆದು, ಎಷ್ಟೋ ಹೊತ್ತಿನ ಮೇಲೆ ದಿನ್ನೆಯ ಬುಡದಲ್ಲಿ ತಿಳಿಯಾಗಿ ಹೊರಗೆ ಬಂದವು.

ಹಳ್ಳ ಗಂಟಲು ಸರಿಮಾಡಿಕೊಂಡು, ಜುಳು ಎಂದಿತು. ಕೆಂಚಿ ಆಕಳಿಸಿತು. ಜುಳುಜುಳು ಎನ್ನುವುದರೊಳಗೆ ಕೂಸು ತಾಯಿಯ ತೋಳಿನಲ್ಲಿ ಭಾರವಾಗಿ ನಿದ್ದೆಹೋಗಿತ್ತು. ಮಾಳವ್ವ ಅಲ್ಲಾಡದೆ ಕೂತು, ಸಂತೋಷಕ್ಕೆ ಬೇಕಾದಷ್ಟು ಅತ್ತಳು.

ಮರುದಿನ ಅಂಗಳ ಗುಡಿಸುತ್ತ ಅಂಚಿಗೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಮಣ್ಣಿನ ಸಣ್ಣ ಸಣ್ಣ ಉಂಡೆಗಳು. ಅಜ್ಜ ಮಾತಿಗೆ ತಪ್ಪಿರಲಿಲ್ಲ. ಮಾಳವ್ವ ಕಸಬರಿಗೆ ಕೆಳಗಿಟ್ಟಳು.

ಈಗಲೂ ಬರಿ ಮೈಯ ದಿನ್ನೆಗಳ ಕೆಳಗೆ ಹಳ್ಳಗಳು ಕೆಂಪಾಗಿ, ಹಾಡಿಲ್ಲದೆ ಹರಿಯುತ್ತವೆ. ಮಳೆ ನಿಂತ ಬೆಳಿಗ್ಗೆ ಹುಲ್ಲಿನ ಅಂಚಿನಲ್ಲಿ ನಿನಗೆ ಮಣ್ಣಿನ ಪುಟ್ಟ ಪುಟ್ಟ ಉಂಡೆಗಳು ಕಾಣುತ್ತವಲ್ಲ ಮಗು, ಅವು ಎರೆಹುಳು ಅಜ್ಜ ಇಟ್ಟ ಚುಕ್ಕಿಗಳು; ಅವನ್ನು ತುಳಿಯದೆ ದಾಟು, ಕೆಳಗೆಲ್ಲೋ ಹಳ್ಳದ ಹಾಡಿಗೆ ಒಂದು ಕೂಸು ಮಲಗಿದೆ.