ಎಲ್ಲಿಗೆ ಎಂದು ಕೇಳದ ತಾಂಡೇಲ

ಕಡಲತಡಿಯ ಒಂದೂರಿನಲ್ಲಿ ಜಟ್ಟಯ್ಯ ಎಂಬ ತಾಂಡೇಲನಿದ್ದ. ತಾಂಡೇಲ ಅಂದರೆ ದೋಣಿ ನಡೆಸುವ ಯಜಮಾನ. ಹೊಸದಾಗಿ ಕಟ್ಟಿದ ಹಾಯಿದೋಣಿಯನ್ನು ಕಡಲಲ್ಲಿ ನಡೆಸಿ, ಹೊಳೆ ಕಡಲು ಸೇರುವ ಅಳಿವೆ ಹೊಕ್ಕು, ಹೊಳೆಯಲ್ಲಿ ಮೇಲೇರಿ, ಕಟ್ಟಿಸಿದವರ ಮನೆಬಾಗಿಲಿಗೆ ಮುಟ್ಟಿಸುವುದು ಅವನ ಕಸುಬು. ಕೆಲಸದಲ್ಲಿ ಪಳಗಿದ ಕೈ. ಆದರೆ ಶಕುನದ ಹುಚ್ಚು ಮಾತ್ರ ವಿಪರೀತ! ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ ಮಕ್ಕಳೇ, ‘ದೂರಾನಾ’ ಅಂತ ಕೇಳಬೇಕು ಅಂತ? ಜಟ್ಟಯ್ಯನಿಗೆ ಅದು ವೇದವಾಕ್ಯ. ಅವನ ದೋಣಿಯಲ್ಲಿ ‘ಎಲ್ಲಿಗೆ’ ಎಂದವನಿಗೆ ಆ ದಿನ ಗಂಜಿ ಇಲ್ಲ.

ಬೇಸಗೆಯ ಕೊನೆಗೊಮ್ಮೆ ದೋಣಿ ಕಟ್ಟುವ ಆಚಾರಿ ಅವನನ್ನು ಕರೆದ.

“ಜಟ್ಟಯ್ಯ, ಇದು ನಡುಕುದ್ರುವಿನ ಪದ್ದಕ್ಕನ ದೋಣಿ. ಹೊಳೆಯ ಮಧ್ಯದ ಕುದ್ರು, ಸುತ್ತಲೂ ನೀರು. ಇದ್ದೊಂದು ದೋಣಿ ಒಡೆದುಹೋಗಿದೆ. ಮಗಳು ತುಂಬಿದ ಬಸುರಿ. ಮಳೆ ಹಿಡಿದು ಹೊಳೆ ಏರುವ ಮೊದಲು ಅವಳನ್ನು ಆಚೆ ದಡಕ್ಕೆ, ಸೂಲಗಿತ್ತಿಯ ಹತ್ತಿರ ದಾಟಿಸಬೇಕು. ಯಾವ ಹೊಳೆ ಅಂದ್ರೆ...”

“ಶ್ಶ್!” ಎಂದ ಜಟ್ಟಯ್ಯ. ಅವನ ಒಂದು ಕಾಲು ಆಗಲೇ ದೋಣಿಯಲ್ಲಿತ್ತು. “ಹೊರಟು ನಿಂತವನ ಹತ್ರ ಜಾಗದ ಮಾತು ಆಡ್ಬೇಡಿ ಮಾರಾಯ್ರೆ. ನಂಗೊತ್ತುಂಟು.”

ಬಡಗಣ ಗಾಳಿ ಬೆನ್ನಿಗಿತ್ತು. ಹಾಯಿ ಉಬ್ಬಿಕೊಂಡು ದೋಣಿ ತೆಂಕಕ್ಕೆ ಓಡಿತು. ಮೊದಲನೇ ಅಳಿವೆ ಕಂಡಾಗ ಜೊತೆಗಾರ ದಾಮು ಯಾಕೋ ಚಡಪಡಿಸಿದ. ಕೆಮ್ಮಿದ. ತಲೆ ಕೆರೆದುಕೊಂಡ.

“ತಾಂಡೇಲ್ರೇ, ಇನ್ನೂ... ದೂರಾನಾ?”

“ದೂರವೇ” ಎಂದ ಜಟ್ಟಯ್ಯ. ಅಳಿವೆ ಹಿಂದೆ ಸರಿಯಿತು.

ಮುಂದಿನ ಅಳಿವೆಯಲ್ಲಿ ಒಳಹೊಕ್ಕು, ಒಳನುಗ್ಗುವ ಭರತದ ನೀರಿನೊಡನೆ ಹೊಳೆಯಲ್ಲಿ ಏರಿ ನಡುಕುದ್ರು ಮುಟ್ಟಿದರು. ಜನ ಸೇರಿದರು. ಯಾರ ಮುಖದಲ್ಲೂ ಸಂಭ್ರಮವಿಲ್ಲ.

“ನಮಗೆ ಬೇಕಾದಷ್ಟು ದೋಣಿ ಉಂಟಲ್ಲ!” ಎಂದನೊಬ್ಬ.

ಜಟ್ಟಯ್ಯ ಕಣ್ಣು ಕಣ್ಣು ಬಿಟ್ಟ. “ಇದು ನಡುಕುದ್ರು ಹೌದಾ?”

“ಹೌದು.”

“ಪದ್ದಕ್ಕ ಇದ್ದಾರಾ?”

“ಇದ್ದಾರೆ.”

ಅಬ್ಬ, ಬದುಕಿದೆ ಅಂದುಕೊಂಡ. ಕೋಲೂರಿಕೊಂಡು ಹಣ್ಣುಹಣ್ಣು ಮುದುಕಿಯೊಬ್ಬಳು ಬಂದಳು.

“ನಿಮ್ಮ ಬಸುರಿ ಮಗಳು ಎಲ್ಲಿದ್ದಾಳಮ್ಮ?”

“ಮಗಳಾ? ನಂಗೆ ಇಬ್ರೂ ಗಂಡುಮಕ್ಳು ಮಗಾ.”

“ಸರಿಯಾಗಿ ನೆನಪು ಮಾಡ್ಕೊಳ್ಳಿ!”

“ಹೆತ್ತದ್ದು ಮರೀತದಾ?” ಎಂದು ಅಜ್ಜಿ ಕೋಲೆತ್ತಿದಳು.

ಜಟ್ಟಯ್ಯನ ತಲೆ ಗಿರ್ರೆಂದಿತು. ಹೆಸರು ಸರಿ, ಕುದ್ರು ಸರಿ, ಪದ್ದಕ್ಕನೂ ಸರಿ. ಮತ್ತೆ ತಪ್ಪಿದ್ದೆಲ್ಲಿ? ಆಚಾರಿಗೆ ಮರುಳೋ, ತನಗೋ? ಅವನು ಮಿಕಿಮಿಕಿ ನೋಡುತ್ತ ನಿಂತ.

ದಾಮು ಮೆಲ್ಲಗೆ ಬಾಯಿಬಿಟ್ಟ. “ಆ ಮೊದಲಿನ ಹೊಳೆಯಲ್ಲೂ ಒಂದು ನಡುಕುದ್ರು ಉಂಟು ತಾಂಡೇಲ್ರೇ. ಅದನ್ನು ಬಿಟ್ಟು ಮುಂದೆ ಬಂದಾಗಲೇ ನಂಗೆ ಅನುಮಾನ.”

“ಅಯ್ಯೋ ಪಾಪಿ! ಆಗಲೇ ಹೇಳೋಕೇನಾಗಿತ್ತು?”

“ಹೇಳ್ಬೇಕಾದ್ರೆ ಎಲ್ಲಿಗೆ ಅಂತ ಕೇಳ್ಬೇಕಿತ್ತಲ್ಲ! ನೀವು ಗಂಜಿ ಕೊಡ್ತಿದ್ರಾ?”

ಆ ಬಸುರಿ ಹೆಣ್ಣಿನ ನೆನಪಾಗಿ ಜಟ್ಟಯ್ಯ ದಡಬಡಿಸಿ ದೋಣಿ ತಿರುಗಿಸಿದ.

ಮರಳುವಾಗ ಅದೇ ಬಡಗಣ ಗಾಳಿ ಎದುರಾಯಿತು. ಓರೆಯಾಗಿ ಅತ್ತ ಇತ್ತ ಎಳೆದು, ಹುಟ್ಟು ಹಾಕಿ, ಅಂಗೈ ಬೊಬ್ಬೆ ಬಂದರೂ ದಾರಿ ಸಾಗದು. ಮೊದಲನೇ ಅಳಿವೆ ಹೊಗುವಷ್ಟರಲ್ಲಿ ಮಳೆ ಹಿಡಿದೇಬಿಟ್ಟಿತು. ಹೊಳೆ ಕೆಂಪಗೆ ಏರುತ್ತಿತ್ತು.

ಕುದ್ರುವಿನ ಹತ್ತಿರ ಬಂದಾಗ ನಡುನೀರಿನಲ್ಲಿ ಬಾಳೆದಿಂಡಿನ ತೆಪ್ಪವೊಂದು ಗಿರಗಿರ ತಿರುಗುತ್ತಿತ್ತು. ಅದರ ಮೇಲೆ ನೋವು ತಿನ್ನುತ್ತಿದ್ದ ಹುಡುಗಿ. ಅವಳನ್ನು ಅವಚಿ ಹಿಡಿದ ತಾಯಿ, ಈ ಕುದ್ರುವಿನ ಪದ್ದಕ್ಕ. ದೋಣಿಯ ದಾರಿ ಕಾದು ಕಾದು ಸಾಕಾಗಿ, ದೇವರ ಮೇಲೆ ಭಾರ ಹಾಕಿ ತೆಪ್ಪ ಕಟ್ಟಿದ್ದರು.

ಜಟ್ಟಯ್ಯ ಹಾಯಿ ಇಳಿಸಿ ದೋಣಿಯನ್ನು ತೆಪ್ಪಕ್ಕೆ ತಾಗಿಸಿದ. ದಾಮು ಇಬ್ಬರನ್ನೂ ಒಳಗೆಳೆದುಕೊಂಡ. ಬಾಳೆದಿಂಡುಗಳು ಬಿಚ್ಚಿಕೊಂಡು ತೇಲಿಹೋದವು.

ಮಳೆಗೆ ಆಚೆ ದಡವೇ ಕಾಣುತ್ತಿರಲಿಲ್ಲ. ಸೂಲಗಿತ್ತಿಯ ಮನೆ ಯಾವ ದಿಕ್ಕಿಗೋ! ಜಟ್ಟಯ್ಯನ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಹುಡುಗಿ ಚೀರಿದಳು.

“ಎಲ್ಲಿಗಮ್ಮ? ಎಲ್ಲಿಗೆ? ಎಲ್ಲಿಗೆ ಹೇಳು!” ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

“ಅದೋ, ಆ ಬಾಗಿದ ತೆಂಗಿನ ಕೆಳಗೆ!” ತಾಯಿ ಕೈ ತೋರಿದಳು.

ದೋಣಿ ನೆಟ್ಟಗೆ ಅಲ್ಲಿಗೇ ಹೋಯಿತು. ಸ್ವಲ್ಪ ಹೊತ್ತಿಗೆ ಸೂಲಗಿತ್ತಿಯ ಮನೆಯೊಳಗಿಂದ ಕೂಸಿನ ಅಳು ಕೇಳಿಸಿತು. ಜಟ್ಟಯ್ಯ ನೆನೆದ ತಲೆಯನ್ನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕುಕ್ಕರಿಸಿದ್ದ.

“ಮೂರು ಸಲ ಕೇಳಿಬಿಟ್ಟೆ ದಾಮು, ಅದೂ ನಡುದಾರಿಯಲ್ಲಿ” ಎಂದ. “ಕೆಲಸ ಕೆಡಲೇ ಇಲ್ಲ ನೋಡು.”

ನೀತಿ: ಕೇಳಿದ್ದರಿಂದ ಕೆಲಸ ಕೆಡುವುದಿಲ್ಲ, ಕೇಳುವವರ ಬಾಯಿ ಮುಚ್ಚಿಸಿದರೆ ಕೆಡುತ್ತದೆ.