ಹತ್ತು ಪ್ರಾಣದ ಓಬಳೇಶ

ಕೇಳ್ರಪ್ಪಾ, ಹಿರಿಯೂರು ಕಡೆ ಒಂದೂರು. ಆ ಊರಲ್ಲಿ ಜುಂಜಮ್ಮ ಅಂತ ಒಬ್ಬ ತಾಯಿ, ಅವಳಿಗೆ ಓಬಳೇಶ ಅಂತ ಒಬ್ಬನೇ ಮಗ. ಆಳು ನೋಡಿದ್ರೆ ಬಾಗಿಲು ತುಂಬೋ ಅಷ್ಟು, ಬುದ್ಧಿ ನೋಡಿದ್ರೆ ಚಿಟಿಕೆಯಷ್ಟೂ ಇಲ್ಲ. ಸಾರಿನ ಮೇಲೆ ಒಂದು ಕಣ್ಣಿಟ್ಟಿರೋ ಅಂದ್ರೆ ಇನ್ನೊಂದು ಕಣ್ಣು ಮುಚ್ಕೊಂಡು ಕೂರ್ತಿದ್ದ. ಸಾರು ಸೀದು ಕರಿಕಲಾದ್ರೂ ಏಳ್ತಿರಲಿಲ್ಲ.

"ನಾನು ಸತ್ತ ಮೇಲೆ ಇವನಿಗೆ ತುತ್ತು ಹಾಕೋರು ಯಾರಪ್ಪಾ!" ಇದೊಂದೇ ಕೊರಗು ಜುಂಜಮ್ಮನಿಗೆ. ಆ ಕೊರಗು ಹೊತ್ಕೊಂಡೇ ಒಂದಿನ ಸೈಕಲ್ ಅಂಗಡಿ ರುದ್ರಮುನಿ ಹತ್ರ ಹೋದ್ಲು. "ಅಣ್ಣಾ, ನನ್ನ ಮಗನ್ನ ಕೆಲಸಕ್ಕಿಟ್ಕೊ."

ಈ ರುದ್ರಮುನಿಗೊಂದು ಹುಚ್ಚು. ಭಾನುವಾರ ಬಂತೂ ಅಂದ್ರೆ ಅಂಗಡಿ ಹಿಂದೆ ಮೇಜು ಹಾಕಿ ಆಟ. ಎಂಥ ಆಟ? ಕತೆ ಹೇಳೋ ಆಟ. ರುದ್ರಮುನಿ ಆಟದ ಯಜಮಾನ. ಉಳಿದೋರು ಒಂದೊಂದು ಪಾತ್ರ ಹಿಡ್ಕೊಂಡು, ಅದರ ಬಲ ಎಷ್ಟು, ಪ್ರಾಣ ಎಷ್ಟು ಅಂತ ಒಂದು ಹಾಳೇಲಿ ಬರ್ಕೊಬೇಕು. "ರಾಕ್ಷಸ ಬಂದ, ಏನು ಮಾಡ್ತೀಯ?" ಅಂತ ಇವನು ಕೇಳ್ತಾನೆ. ಅವರು ಹೇಳಿ ದಾಳ ಉರುಳಿಸ್ತಾರೆ. ಬೇಕಾದ ಗರ ಬಿದ್ರೆ ಗೆದ್ದ, ಬೀಳದಿದ್ರೆ ಪ್ರಾಣ ಹೋಯ್ತು. ಯಾವ ಪಾತ್ರಕ್ಕೆ ಎಷ್ಟು ಬಲ, ಎಷ್ಟು ಪ್ರಾಣ ಅಂತ ಹೇಳೋ ಆಟದ ಪುಸ್ತಕ ವಾರಕ್ಕೊಂದು ಹೊಸದು ಬರೋದು. ಹೊಸ ಪುಸ್ತಕದ ಪಾತ್ರದ ಮುಂದೆ ಹಳೇ ಪುಸ್ತಕದ್ದು ಸೊಳ್ಳೆ! ಬಂದ ತಕ್ಷಣ ಎಲ್ಲರೂ ಹಳೇ ಹಾಳೆ ಪರಪರ ಹರಿದು ಬಿಸಾಕಿ ಹೊಸದು ಬರ್ಕೊಳ್ಳೋರು, ಹೋದ ವಾರ ಸತ್ತೋರೂ ಮತ್ತೆ ಹುಟ್ಟೋರು.

"ನಾಲ್ಕು ಭಾನುವಾರ ನಿನ್ನ ಮಗ ಆಟಕ್ಕೆ ಕೂರಲಿ," ಅಂದ ರುದ್ರಮುನಿ. "ನಾಲ್ಕನೇ ವಾರ ಆಟ ಮುಗಿಯುವಾಗ ಅವನ ಪಾತ್ರ ಜೀವಂತ ಇದ್ರೆ ಬುದ್ಧಿ ಐತೆ ಅಂದ್ಕೊತೀನಿ. ಮಾರನೇ ದಿನದಿಂದಲೇ ಕೆಲಸ."

ಜುಂಜಮ್ಮ ಮನೆಗೆ ಬಂದು ಮಗನ್ನ ದಬ್ಬಿದ್ಲು. "ಹೋಗೋ! ನಾಲ್ಕು ಜನದ ಜೊತೆ ಕೂತು ಮೊದ್ಲು ಮನುಷ್ಯನಾಗೋ!"

ಹೋದ. ಕಾಂಪೌಂಡರ್ ನಾಗಭೂಷಣ ಅರೆದೇವತೆ, ನೂರು ಪ್ರಾಣ. ಪೋಸ್ಟ್‌ಮ್ಯಾನ್ ಖಾದರ್ ಬೆಂಕಿ ಉಗುಳೋ ಹದ್ದು, ಇನ್ನೂರು ಪ್ರಾಣ. "ನೀನೇನಾಗ್ತೀಯೋ ಓಬಾ?" ಅಂದ ರುದ್ರಮುನಿ.

"ಮನುಷ್ಯ! ನಮ್ಮವ್ವ ಹೇಳ್ಕಳಿಸವ್ಳೆ."

ಕೂತೋರೆಲ್ಲ ಬಿದ್ದು ಬಿದ್ದು ನಕ್ಕರು. ಮನುಷ್ಯನಿಗೆ ಪುಸ್ತಕದಲ್ಲಿ ಇದ್ದದ್ದು ಒಂದು ದೊಣ್ಣೆ, ಹತ್ತು ಪ್ರಾಣ. ಅಷ್ಟೇ.

"ಏಳು ತಲೆ ರಾಕ್ಷಸ ಬಂದ! ಓಬಾ, ಏನು ಮಾಡ್ತೀಯ?"

"ಒಂದ್ನಿಮಿಷ, ಅವ್ವನ್ನ ಕೇಳ್ಕೊಂಡು ಬತ್ತೀನಿ," ಅಂತ ಎದ್ದು ಮನೆಗೇ ನಡೆದ. ತಿರುಗಿ ಬರೋ ಹೊತ್ತಿಗೆ ರಾಕ್ಷಸ ಮನುಷ್ಯನ್ನ ನುಂಗಿ ತೇಗಿದ್ದ.

ಜುಂಜಮ್ಮ ಹಣೆ ಹಣೆ ಚಚ್ಕೊಂಡ್ಲು. "ನಿನ್ನ ಮನೆ ಹಾಳಾಗ!" ಅದು ತನ್ನ ಮನೇನೂ ಹೌದು ಅನ್ನೋದು ಸಿಟ್ಟಲ್ಲಿ ಮರೆತೇಹೋಗಿತ್ತು. "ನನ್ನ ಕೇಳೋದೇನೋ? ಎದುರಿಗೆ ಯಾರೇ ಬರಲಿ, ಮೊದ್ಲು ಬಾರಿಸು!"

"ಆಯ್ತವ್ವ."

ಎರಡನೇ ಭಾನುವಾರ ಹೊಸ ಪುಸ್ತಕ. ಅರೆದೇವತೆಗೆ ಸಾವಿರ ಪ್ರಾಣ, ಹದ್ದಿಗೆ ಎರಡು ಸಾವಿರ. ಮನುಷ್ಯನಿಗೆ ಎಷ್ಟು? ಅದೇ ಹತ್ತು.

"ಒಬ್ಬಳು ಹಣ್ಣು ಹಣ್ಣು ಮುದುಕಿ ಬಂದ್ಲು. ಅವಳ ಕೈಲಿ ನಿಮಗೆಲ್ಲ ಕೊಡೋಕೆ ವರ ಐತೆ..."

"ಬಾರಿಸ್ತೀನಿ!" ಅಂತ ದಾಳ ಎಸೆದೇಬಿಟ್ಟ ಓಬಳೇಶ. ಹುಟ್ಟಿದ ಮೇಲೆ ಒಂದು ಸಲವೂ ಬೀಳದಂಥ ದಾಳ ಆವತ್ತೇ ಬೀಳಬೇಕೆ! ಮುದುಕಿ ಅಲ್ಲೇ ಗೊಟಕ್. ವರವೂ ಗೊಟಕ್.

"ಲೇ ಪಾಪಿ! ನನ್ನ ವರ ಹೋಯ್ತಲ್ಲೋ!" ಅಂತ ಅರೆದೇವತೆ ನಾಗಭೂಷಣನೇ ಸಿಟ್ಟಿಂದ ಮನುಷ್ಯನ್ನ ಸುಟ್ಟು ಬೂದಿ ಮಾಡ್ದ.

"ಅಯ್ಯೋ ಮುಂಡೇದೇ! ವಯಸ್ಸಾದೋರನ್ನ ಹೊಡೀತಾರೇನೋ? ಕಾಲಿಗೆ ಬೀಳಬೇಕು, ಮನೆಗೆ ಊಟಕ್ಕೆ ಕರೀಬೇಕು!" ಅಂತ ಜುಂಜಮ್ಮ ಬೈದ್ಲು.

"ಆಯ್ತವ್ವ."

ಮೂರನೇ ಭಾನುವಾರ ಮತ್ತೆ ಹೊಸ ಪುಸ್ತಕ, ಮತ್ತೆ ಪರಪರ. ಇನ್ನು ಲಕ್ಷದ ಕೆಳಗೆ ಮಾತೇ ಇಲ್ಲ. ಇವರ ಬಲಕ್ಕೆ ತಕ್ಕ ಶತ್ರು ಬೇಕಲ್ಲ, ರುದ್ರಮುನಿ ಪುಸ್ತಕವೆಲ್ಲ ತಡಕಾಡಿ ಒಂದನ್ನ ತಂದ. "ಸಾವಿರ ವರ್ಷ ಬಾಳಿದ ಬೆಂಕಿಸರ್ಪ ಬಂತು!"

"ಸಾವಿರ ವರ್ಷವಾ? ಪಾಪ, ಭಾಳ ವಯಸ್ಸಾಗೈತೆ. ಅಜ್ಜಾ, ಅಡ್ಡಬಿದ್ದೆ! ಊರು ಇಲ್ಲೇ ಆಲದ ಮರದಿಂದ ಎಡಕ್ಕೆ ಐತೆ, ಊಟಕ್ಕೆ ಬನ್ನಿ!"

ಬಂತಲ್ಲ! ಮನುಷ್ಯನ್ನ ಮೊದ್ಲು ತಿಂತು, ಆಮೇಲೆ ಎಡಕ್ಕೆ ತಿರುಗಿ ಊರನ್ನೇ ತಿಂತು.

ಈ ಸಲ ಜುಂಜಮ್ಮನಿಗೆ ಬೈಯೋಕೂ ತ್ರಾಣ ಇರಲಿಲ್ಲ. ಕಣ್ಣಲ್ಲಿ ನೀರು ಸುರೀತಿತ್ತು. "ಇದೇ ಕೊನೇ ವಾರ ಕಣೋ ಮಗನೇ. ನಿನ್ನ ಸರದಿ ಬಂತು ಅಂತ ಅವರು ಹೆಸರು ಹಿಡಿದು ಕೂಗೋ ತನಕ ಪಿಟಿಕ್ ಅನ್ನಬೇಡ."

"ಆಯ್ತವ್ವ."

ನಾಲ್ಕನೇ ಭಾನುವಾರ ಬಂದದ್ದು ಇಟ್ಟಿಗೆ ಗಾತ್ರದ ಪುಸ್ತಕ. ನಾಗಭೂಷಣ ಪೂರ್ತಿ ದೇವರೇ ಆದ. ಖಾದರ್ ಸೂರ್ಯನ್ನ ನುಂಗೋನಾದ. ರುದ್ರಮುನಿ ತಂದ ರಾಕ್ಷಸ ಸೀನಿದ್ರೆ ಬೆಟ್ಟ ಸೀಳೋದು. ಒಂದೊಂದು ಏಟಿಗೆ ಕೋಟಿ ಕೋಟಿ! ಕೂಡಿಸಿ ಕಳೆಯೋದ್ರಲ್ಲೇ ಮಧ್ಯಾಹ್ನ ಆಯ್ತು.

"ನನ್ನ ಏಟು ದೊಡ್ಡದು, ನಲವತ್ತನೇ ಪುಟ ನೋಡು!"

"ಹೋಗಯ್ಯ, ತೊಂಬತ್ತನೇ ಪುಟ ನೋಡು, ನಂದು ಅದಕ್ಕಿಂತ ದೊಡ್ಡದು!"

ಜಗಳ ಹತ್ತಿತು. ರಾಕ್ಷಸನ್ನ ಬಿಟ್ಟು ಇವರಿಬ್ಬರೇ ಹೊಡೆದಾಡಿದ್ರು. ಸಿಟ್ಟಿಗೆ ಖಾದರ್ ಸೂರ್ಯನ್ನ ನುಂಗಿದ, ದೇವರು ಅವನ ಹೊಟ್ಟೆ ಬಗೆದ, ಸೂರ್ಯ ಢಮ್ ಅಂತ ಒಡೆದು ದೇವರು, ನುಂಗಿದೋನು, ರಾಕ್ಷಸ, ಎಲ್ಲಾ ಭಸ್ಮ. ಓಬಳೇಶ ಮಾತ್ರ ತುಟಿ ಹೊಲ್ಕೊಂಡು ಕೂತಿದ್ದ. "ಟೀ ಬೇಕೇನಯ್ಯಾ?" ಅಂತ ಕೇಳಿದ್ರೂ ಮಾತಿಲ್ಲ, ಹೆಸರು ಹಿಡಿದು ಕೂಗಿಲ್ಲವಲ್ಲ.

"ಎಲ್ಲಾ ಸತ್ರು," ಅಂತ ಪುಸ್ತಕ ಮುಚ್ಚೋಕೆ ಹೋದ ರುದ್ರಮುನಿ ಗಕ್ಕನೆ ನಿಂತ. ಬೆಳಿಗ್ಗೆ ಒಂದು ಗವಿ ಬಾಗಿಲಲ್ಲಿ ಮನುಷ್ಯನ್ನ ನಿಲ್ಲಿಸಿದ್ರು, ಆಮೇಲೆ ಯಾರೂ ಆ ಕಡೆ ನೋಡಿರಲಿಲ್ಲ. ದೊಣ್ಣೆ ಕೈಲೇ ಇತ್ತು, ಹತ್ತಕ್ಕೆ ಹತ್ತೂ ಪ್ರಾಣ ಇದ್ವು. ದೊಡ್ಡೋರ ಗಲಾಟೇಲಿ ಮನುಷ್ಯನಿಗೂ ಒಂದು ಸರದಿ ಐತೆ ಅನ್ನೋದೇ ಮರೆತಿದ್ರು!

ಕೊಟ್ಟ ಮಾತು ತಪ್ಪೋ ಹಂಗಿಲ್ಲ. ಕೆಲಸ ಸಿಕ್ತು. ಜುಂಜಮ್ಮ ಖುಷಿಗೆ ಬೀದಿಗೆಲ್ಲ ಬೆಲ್ಲ ಹಂಚಿದ್ಲು. "ಓಬಾ, ಅಂಗಡೀಲಿ ಸುಮ್ನೆ ಕೂರಬೇಡ ಮತ್ತೆ. ಆಟದಲ್ಲಿ ಆ ದೊಡ್ಡೋರು ಹೆಂಗೆ ಮಾಡ್ತಿದ್ರೋ ಹಂಗೇ ಮಾಡು."

"ಆಯ್ತವ್ವ."

ಸೋಮವಾರ ಬೆಳಿಗ್ಗೆ ಲಾರೀಲಿ ನಾಲ್ಕು ಹೊಸ ಸೈಕಲ್ ಬಂದ್ವು. "ಇಳಿಸ್ಕೊಳೋ, ಒಂದು ಮದುವೆಗೆ ಹೋಗಿ ಬರ್ತೀನಿ," ಅಂತ ರುದ್ರಮುನಿ ಹೋದ. ಓಬಳೇಶ ಇಳಿಸ್ಕೊಂಡ. ಹೊಸದು ಬಂದಾಗ ದೊಡ್ಡೋರು ಏನು ಮಾಡ್ತಿದ್ರು? ಗರಗಸ ತಗೊಂಡ. ರಿಪೇರಿಗೆ ಅಂತ ಊರೋರು ಬಿಟ್ಟುಹೋಗಿದ್ದ ಹನ್ನೊಂದು ಸೈಕಲ್ಲೂ ಕರಕರ, ಕರಕರ!

ಸಂಜೆ ರುದ್ರಮುನಿ ಬಂದು ಬಾಗಿಲಲ್ಲೇ ಕುಸಿದ. "ಏನೋ ಮಾಡ್ದೆ!"

"ಹೊಸದು ಬಂತಲ್ಲಣ್ಣಾ, ಹಳೇದನ್ನ ಹರಿದು ಹಾಕ್ದೆ. ಕಬ್ಬಿಣ ನೋಡು, ಕೈಲಿ ಹರೀಲಿಲ್ಲ."

ಅಷ್ಟೊತ್ತಿಗೆ ಖಾದರ್ ಬಂದ. ನಿನ್ನೆ ಸೂರ್ಯನ್ನೇ ನುಂಗಿದ್ದ ಗಂಡು, ತುಂಡಾದ ತನ್ನ ಸೈಕಲ್ ಹ್ಯಾಂಡಲ್ ಎದೆಗೆ ಅವಚ್ಕೊಂಡು ಗೊಳೋ ಅಂತ ಅತ್ತ. "ನಾಳೆ ಟಪಾಲು ಹಂಚೋದು ಹೆಂಗಪ್ಪಾ!"

"ಲೇ ಓಬಾ!" ರುದ್ರಮುನಿ ಕಿರುಚಿದ. "ಇನ್ನೊಂದು ಕ್ಷಣ ನನ್ನ ಕಣ್ಣ ಮುಂದೆ ನಿಲ್ಲಬೇಡ!"

"ಆಯ್ತಣ್ಣಾ," ಅಂತ ಓಬಳೇಶ ಹೋಗಿ ಅವನ ಬೆನ್ನ ಹಿಂದೆ ನಿಂತ.

ರುದ್ರಮುನಿ ತಿರುಗಿದ. ಇವನೂ ಸುತ್ತು ಹಾಕಿ ಮತ್ತೆ ಬೆನ್ನ ಹಿಂದೆ. ಅವನು ಮನೆಗೆ ನಡೆದ, ಇವನೂ ಹಿಂದೆಯೇ ನಡೆದ. ಅವನು ಊಟಕ್ಕೆ ಕೂತ, ಇವನೂ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತ. ರುದ್ರಮುನಿ ಹೆಂಡತಿ ಸರ್ವಮಂಗಳಕ್ಕ ಸೌಟು ಹಿಡ್ಕೊಂಡು ಬಂದು ನೋಡಿದ್ಲು.

"ಏನ್ರೀ, ನೆಂಟರನ್ನ ಕರ್ಕೊಂಡು ಬಂದು ಹೇಳೋದೇ ಬ್ಯಾಡವಾ?" ಅಂದವಳೇ ಇನ್ನೊಂದು ತಟ್ಟೆ ಇಟ್ಟು ಮುದ್ದೆ ಹಾಕಿದ್ಲು. ಏಳು ತಲೆ ರಾಕ್ಷಸನ್ನ ಆಡಿಸೋ ಯಜಮಾನನಿಗೆ ಹತ್ತು ಪ್ರಾಣದ ಇವನೊಬ್ಬನ್ನ ಎಬ್ಬಿಸೋಕೆ ಆಗ್ಲಿಲ್ಲ.

ಮಗ ಬರಲಿಲ್ಲ ಅಂತ ಜುಂಜಮ್ಮ ಎದೆ ಬಡ್ಕೊಂಡು ಓಡಿಬಂದು ಕಿಟಕೀಲಿ ಇಣುಕಿದ್ಲು. ಸರ್ವಮಂಗಳಕ್ಕ ಇನ್ನೊಂದು ಸೌಟು ಸಾರು ಬಡಿಸ್ತಿದ್ಲು. ನೋಡಿ, ಸೆರಗಲ್ಲಿ ಕಣ್ಣೊರೆಸ್ಕೊಂಡು, ಸದ್ದು ಮಾಡದೆ ಮನೆಗೆ ಹೋಗಿ ಮಲಗಿದ್ಲು.

ಅವನು ಅಲ್ಲಿ ಎರಡನೇ ಮುದ್ದೆ ಮುರೀತಾವ್ನೆ, ನಾವಿಲ್ಲಿ ಬರೀ ಬಾಯಿ ಚಪ್ಪರಿಸ್ತಾ ಕೂತಿದೀವಿ. ಏಳ್ರಪ್ಪಾ, ಊಟಕ್ಕೆ ಏಳ್ರಿ.