ಹತ್ತೊಂಬತ್ತು ನಿಮಿಷ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರು ಒಬ್ಬ ಹೆಂಗಸು. ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ಪುಷ್ಯ ಮಾಸದ ಒಂದು ಬೆಳಿಗ್ಗೆ ಶಿಷ್ಯೆ ಜಗದೇವಿ ಬಂದು ಅವರ ಮುಂದೆ ಕುಳಿತಳು. ಜಿಲ್ಲೆಯಲ್ಲಿ ಅವಳಷ್ಟು ಜೋರಾಗಿ ಸೈಕಲ್ ತುಳಿಯುವವರು ಇರಲಿಲ್ಲ.

"ಅಕ್ಕೋರೆ, ಚಳಿಗಾಲದ ಸವಾಲು ಬಂತು. ಇನ್ನೂರು ಕಿಲೋಮೀಟರ್. ನಸುಕಿನ ಐದಕ್ಕ ಬಿಟ್ರ ಸಂಜಿ ಆರೂವರಿ ಒಳಗ ಮುಟ್ಟಬೇಕು."

"ಹೋಗಿ ಬಾ."

"ಒಬ್ಬಾಕಿ ಹೋಗಂಗಿಲ್ರಿ. ಮೂವರು ಕೂಡಿ ಹೋಗಬೇಕು. ದಾರಿ ತುಂಬ ಒಬ್ಬರಿಗೊಬ್ಬರು ಕಾಣಬೇಕು. ಮೂರನೇ ಸೈಕಲ್ ಗೆರಿ ದಾಟಿದ ಮ್ಯಾಲೇ ಲೆಕ್ಕ."

"ಹೋದ ವರ್ಷ ಮೂವರು ಹೋಗಿದ್ರಲ್ಲ?"

"ಹೋಗಿದ್ವಿ. ನಾನು, ಶಾಹೀನಾ, ಸುಗಲಾ. ಹತ್ತೊಂಬತ್ತು ನಿಮಿಷ ತಡ ಆತು. ಊರೆಲ್ಲ ನಕ್ಕಿತು." ಜಗದೇವಿ ತಲೆ ತಗ್ಗಿಸಿದಳು. "ಈ ಸಲ ಸುಗಲಾನ್ನ ಬಿಟ್ಟು ಬ್ಯಾರೆಯವರನ್ನ ಕರಕೊಂಡು ಹೋಗ್ಲೇನ್ರಿ? ಅಕಿ ಹಾಲು ಹಾಕಾಕಿ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೆಂಗ ಹೋಗ್ತಾಳೋ, ಸವಾಲಿನ್ಯಾಗೂ ಹಂಗ ಮೆಲ್ಲಗ ಹೋಗ್ತಾಳ."

"ಆ ಹತ್ತೊಂಬತ್ತು ನಿಮಿಷ ಎಲ್ಲಿ ಬಿದ್ದವು?"

"ಸುಗಲಾನ ಕಾಲಾಗ."

"ನೀ ಕಣ್ಣಾರೆ ನೋಡಿದ್ಯಾ?"

"ಎಲ್ಲಾರೂ ಹಂಗೇ ಅಂತಾರ."

ಅಕ್ಕೋರು ಶಾಲು ಹೊದ್ದುಕೊಂಡರು. "ಹಂಗಾದ್ರ ಈ ಸಲ ನೀನ ಹುಡಿಕ್ಯಾಡಿ ಬಾ. ಸುಗಲಾನ್ನೇ ಕರಕೊಂಡು ಹೋಗು. ಅಕಿ ಕುಂತಾಗ ಕೂಡು, ಅಕಿ ಎದ್ದಾಗ ಏಳು. ಬ್ಯಾರೆ ಏನೂ ಮಾಡಬ್ಯಾಡ."

ಜಗದೇವಿಗೆ ಅಳು ಬಂದಂತಾಯಿತು. ಹಾಗಾದರೆ ದಿನವಿಡೀ ಕೂತೇ ಇರಬೇಕಾಗುತ್ತದೆ ಎಂದುಕೊಂಡಳು. ಆದರೂ ಎದ್ದು ಸುಗಲಾಳ ಮನೆಯ ಕಡೆ ಹೊರಟಳು.

*

ನಸುಕಿನಲ್ಲಿ ಮೂವರೂ ಹೊರಟರು. ಮಂಜು ಎಷ್ಟಿತ್ತೆಂದರೆ ಮುಂದಿನ ಸೈಕಲ್ಲಿನ ಕೆಂಪು ದೀಪವೊಂದೇ ಕಾಣುತ್ತಿತ್ತು. ಗಾಳಿ ತಡೆಯಲು ಅಂಗಿಯೊಳಗೆ ಹಳೆಯ ಪೇಪರು ಇಟ್ಟುಕೊಂಡಿದ್ದರು.

"ನನ್ನ ಎದಿ ಮ್ಯಾಲ ಇಡೀ ಜಿಲ್ಲಾದ ಸುದ್ದಿ ಅದ ನೋಡ್ರೆ," ಎಂದಳು ಶಾಹೀನಾ. "ಆದ್ರೂ ಥಂಡಿ ಹೋಗವಲ್ದು."

ಸವಾಲಿನವರು ದಾರಿಯಲ್ಲಿ ಇಟ್ಟ ಮೊದಲ ತಪಾಸಣೆ ಠಾಣೆಯಲ್ಲಿ, ಬಂದ ಹೊತ್ತು ಬರೆದು ಅವರ ಕಾರ್ಡಿಗೆ ಠಸ್ಸೆ ಒತ್ತಿದರು. ಪಕ್ಕದಲ್ಲೇ ಚಹಾದ ಅಂಗಡಿ. ಜಗದೇವಿ ಬೆಂಚಿನ ಮೇಲೆ ಕೂರಲು ಹೋದವಳು ಸುಗಲಾಳ ಕಡೆ ನೋಡಿದಳು. ಸುಗಲಾ ನಿಂತೇ ಚಹಾ ಕುಡಿದಳು, ಕಪ್ಪು ಇಟ್ಟಳು, ಸೈಕಲ್ ಹಿಡಿದಳು.

"ಅಷ್ಟೇನಾ?" ಎಂದಳು ಜಗದೇವಿ.

"ಅಷ್ಟ. ನಾ ಮೆಲ್ಲಗ ಹೋಗಾಕಿ ಅಲ್ಲೇನವ್ವ? ಕುಂತ್ರ ನನಗ ಹೊತ್ತು ಸಾಲಂಗಿಲ್ಲ."

ಜಗದೇವಿ ಬಿಸಿ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಅರವತ್ತನೇ ಕಿಲೋಮೀಟರಿನ ಹತ್ತಿರ ಹಳ್ಳ ಅಡ್ಡ ಬಂತು. ಸೇತುವೆ ಕಿತ್ತು ಹಾಕಿದ್ದರು. ಸೈಕಲ್ ಹೆಗಲಿಗೇರಿಸಿ ನೀರಿಗಿಳಿದರು. ನೀರು ಸೊಂಟದವರೆಗೆ ಬಂತು. ಆಚೆ ದಂಡೆ ಹತ್ತುವಷ್ಟರಲ್ಲಿ ಜಗದೇವಿಗೆ ತನ್ನ ಕಾಲು ತನ್ನದಲ್ಲ ಅನಿಸಿತು.

ದಂಡೆಯ ಮೇಲೆ ಇಟ್ಟಿಗೆ ಸುಡುವ ಭಟ್ಟಿ ಇತ್ತು. ಒಳಗೆ ಮೂರು ದಿನದಿಂದ ಬೆಂಕಿ. ಹೊರಗಿನ ಗೋಡೆ ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚಿನಂತೆ ಹಿತವಾಗಿ ಬೆಚ್ಚಗಿತ್ತು.

ಭಟ್ಟಿಯ ಮುದುಕಿ ಕೂಗಿದಳು. "ಬರ್ರೆವ್ವ, ಸಾಯ್ತೀರಿ ಹಂಗ ನಿಂತ್ರ. ಗ್ವಾಡಿಗಿ ಬೆನ್ನ ಹಚ್ಚಿ ಕೂಡ್ರಿ."

ಸುಗಲಾ ಕೂತಳು. ಹಾಗಾಗಿ ಜಗದೇವಿಯೂ ಕೂತಳು. ಬೆನ್ನಿನಿಂದ ಶಾಖ ಒಳಗಿಳಿಯಿತು. ಬಟ್ಟೆಯಿಂದ ಹಬೆ ಎದ್ದಿತು. ಮುದುಕಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೈಗಿಟ್ಟಳು. ಜಗತ್ತಿನಲ್ಲಿ ಬೇರೇನೂ ಬೇಕಾಗಿರಲಿಲ್ಲ.

ಸುಗಲಾ ಅರ್ಧ ರೊಟ್ಟಿ ತಿಂದಳು. ಇನ್ನರ್ಧ ಕಿಸೆಯಲ್ಲಿಟ್ಟಳು. ಗೋಡೆಗೆ ಕೈಕೊಟ್ಟು ಎದ್ದಳು. ಅವಳ ತುಟಿ ಇನ್ನೂ ನಡುಗುತ್ತಿತ್ತು.

"ಇನ್ನೊಂದು ಐದು ನಿಮಿಷ ಸುಗಲಾ," ಎಂದಳು ಜಗದೇವಿ ಕಣ್ಣು ಮುಚ್ಚಿಯೇ. "ಆ ಐದು ನಿಮಿಷ ನಾ ರೋಡಿನ ಮ್ಯಾಲ ಜೋರು ತುಳದು ಹಿಡೀತೀನಿ."

ಶಾಹೀನಾ ನಕ್ಕಳು. "ಹೋದ ವರ್ಷ ಹುಣಸಿಗಿಡದ ಬುಡಕ್ಕೂ ಹಿಂಗೇ ಅಂದಿದ್ದಿ. ಆಮ್ಯಾಲ ಖಾನಾವಳ್ಯಾಗೂ ಅಂದಿದ್ದಿ."

ಜಗದೇವಿ ಕಣ್ಣು ತೆರೆದಳು.

ಹುಣಸೆ ಮರ ನೆನಪಾಯಿತು. ಬೂಟು ಕಳಚಿ ಕಾಲು ಚಾಚಿದ್ದು ನೆನಪಾಯಿತು. ಆಗಲೂ ಸುಗಲಾ ಹೀಗೇ ಸೈಕಲ್ ಹಿಡಿದು ನಿಂತಿದ್ದಳು. ಆಮೇಲೆ ಜಗದೇವಿ ರೋಡಿನ ಮೇಲೆ ಎಷ್ಟು ಜೋರು ತುಳಿದರೂ ಸುಗಲಾ ಕಾಣುವಷ್ಟು ದೂರವೇ ಹೋಗಬೇಕಿತ್ತು. ಕೂತು ಕಳೆದ ನಿಮಿಷಗಳು ತಿರುಗಿ ಸಿಗಲೇ ಇಲ್ಲ.

ಏಳುವುದು ಸುಲಭವಾಗಿರಲಿಲ್ಲ. ಬೆನ್ನು ಗೋಡೆಯನ್ನು ಬಿಡಲೊಲ್ಲದು. ಒದ್ದೆ ಬಟ್ಟೆಗೆ ಗಾಳಿ ಬಡಿದಾಗ ಹಲ್ಲು ಕಟಕಟ ಅಂದವು. ಆದರೂ ಎದ್ದಳು. ಶಾಹೀನಾಳ ರಟ್ಟೆ ಹಿಡಿದು ಅವಳನ್ನೂ ಎಬ್ಬಿಸಿದಳು.

ಮುಂದೆ ಮೂಡಣ ಗಾಳಿ. ಜಗದೇವಿ ಸುಗಲಾಳ ಮುಂದೆ ಹೋಗಿ ಗಾಳಿಗೆ ಅಡ್ಡವಾಗಿ ತುಳಿದಳು. ಹಿಂದೆ ನೋಡದೆ ಕೇಳಿದಳು.

"ನಿನಗ ಹೋದ ವರ್ಷಾನೇ ಗೊತ್ತಿತ್ತಾ?"

"ಗೊತ್ತಿತ್ತು."

"ನಿನ್ನಿಂದನ ತಡ ಆತು ಅಂತ ಊರವರು ಅಂತಿದ್ರು. ನಾನೂ ಅಂದೆ. ಯಾಕ ಸುಮ್ಮನಿದ್ದಿ?"

"ಹೇಳಿದ್ರ ನೀ ಸಿಟ್ಟಾಗ್ತಿದ್ದಿ." ಸುಗಲಾ ಉಸಿರು ತೆಗೆದುಕೊಂಡಳು. "ನನಗ ನಿಮ್ಮ ಜೋಡಿ ಇನ್ನೊಮ್ಮೆ ಬರಬೇಕಾಗಿತ್ತು."

ಮುಂದಿನ ಠಾಣೆಗಳಲ್ಲೆಲ್ಲ ಸುಗಲಾ ಎದ್ದ ಕೂಡಲೇ ಜಗದೇವಿಯೂ ಎದ್ದಳು.

ಹೊತ್ತು ಮುಳುಗಿ ಕತ್ತಲು ಇಳಿಯುತ್ತಿತ್ತು. ಗೆರೆಯ ಹತ್ತಿರ ಜನ ಗಡಿಯಾರ ನೋಡುತ್ತ ನಿಂತಿದ್ದರು. ಮೊದಲು ಶಾಹೀನಾ ದಾಟಿದಳು, ಆಮೇಲೆ ಜಗದೇವಿ. ಕೊನೆಗೆ, ಬೆಳಿಗ್ಗೆ ಹೊರಟ ಅದೇ ವೇಗದಲ್ಲಿ, ಒಂದಿಷ್ಟೂ ಹೆಚ್ಚಿಲ್ಲ, ಒಂದಿಷ್ಟೂ ಕಡಿಮೆಯಿಲ್ಲ, ಸುಗಲಾ ದಾಟಿದಳು.

ಇನ್ನೂ ಆರು ನಿಮಿಷ ಉಳಿದಿತ್ತು.

*

ಮರುದಿನ ಜಗದೇವಿ ಅಕ್ಕೋರ ಮುಂದೆ ಬಂದು ಕುಳಿತಳು. ಕುಂಟುತ್ತಲೇ ಬಂದಿದ್ದಳು.

"ಸಿಕ್ಕವೇನು ಹತ್ತೊಂಬತ್ತು ನಿಮಿಷ?"

"ಸಿಕ್ಕವ್ರಿ. ನನ್ನ ಕೆಳಗೇ ಇದ್ದವು. ನಾನ ಅವುಗಳ ಮ್ಯಾಲ ಕುಂತಿದ್ದೆ."

ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಸೆರಗಿನ್ಯಾಗ ಏನು ಮುಚ್ಚಿಟ್ಟಿ?"

ಜಗದೇವಿ ನಾಚಿಕೊಂಡು ತೆಗೆದಳು. ಹಿತ್ತಾಳೆಯ ಪದಕ.

"ಮುಚ್ಚೂದು ಯಾಕ?"

"ಹೆಮ್ಮಿ ಪಡಬಾರದು ಅಂತಾರಲ್ರಿ."

"ನಾ ಯಾವಾಗ ಅಂದೆ?"

"ನೀವಲ್ಲ. ಎಲ್ಲಾ ಗುರುಗಳೂ ಅಂತಾರ."

"ಅವರು ಒದ್ದಿ ಬಟ್ಟ್ಯಾಗ ಇನ್ನೂರು ಕಿಲೋಮೀಟರ್ ಸೈಕಲ್ ಹೊಡದಾರೇನು?"

ಅಕ್ಕೋರು ಪದಕ ತೆಗೆದುಕೊಂಡು ತಾವೇ ಅವಳ ಕೊರಳಿಗೆ ಹಾಕಿದರು.

ಜಗದೇವಿ ಅದನ್ನು ಬೆರಳಿನಿಂದ ಸವರಿದಳು. ಮೆಲ್ಲಗೆ ಹೇಳಿದಳು.

"ನನ್ನ ಕಾಲಿನ ಬಗ್ಗೆ ನನಗ ಯಾವತ್ತೂ ಹೆಮ್ಮಿ ಇತ್ರಿ ಅಕ್ಕೋರೆ. ಆದ್ರ ನಿನ್ನೆ, ಅಷ್ಟು ಜನರ ನಡುವ ಸುಗಲಾ ಗೆರಿ ದಾಟೋ ಹೊತ್ತಿಗಿ ಅಕಿ ನನ್ನ ಗೆಳತಿ ಅಂತ ಕೂಗಿ ಒದರಬೇಕು ಅನಿಸ್ತು. ಅಂಥಾ ಹೆಮ್ಮಿ ನನಗ ಎಂದೂ ಆಗಿರಲಿಲ್ಲ."

ಅಕ್ಕೋರು ಕಿಟಕಿಯ ಕಡೆ ತಿರುಗಿದರು.

"ಸುಗಲಾ ಹೊಳಿ ದಂಡ್ಯಾಗ ಮೂರೂ ಸೈಕಲ್ ತೊಳೀಲಿಕತ್ತಾಳ. ನೀ ಇಷ್ಟು ಮೆಲ್ಲಗ ಅಂದ್ರ ಅಕಿಗಿ ಹೆಂಗ ಕೇಳಸ್ತದ?"